ಕೂತು ಕೆಡುವ ಗರಗಸಕ್ಕೆ ಎಂಥ ಬಿಡಿಭಾಗ?

ನಮ್ಮ ಶಿರಾ ಸೀಮೆಯ ಒಣಬೇಸಾಯಗಾರರಿಗೆ ಪೆಟ್ರೋಲ್ ಗರಗಸದ ಕೆಲಸ ವರ್ಷಕ್ಕೆ ಎಂಟು-ಹತ್ತು ದಿನ ಅಷ್ಟೆ. ಬದುವಿನ ಜಾಲಿ ತೆಗೆಯೋದು, ಹೊಲಕ್ಕೆ ನೆರಳು ಮಾಡೋ ಬೇವಿನ ಕೊಂಬೆ ಇಳಿಸೋದು, ಗಾಳಿಗೆ ಬಿದ್ದ ಹುಣಸೆ ತುಂಡು ಮಾಡೋದು. ಮಿಕ್ಕ ದಿನವೆಲ್ಲ ಅದು ಮೂಲೇಲಿ ಕೂತಿರುತ್ತೆ. ಇದಕ್ಕೆ ಬಿಡಿಭಾಗ ತರಲು ಹೋದರೆ ಅಂಗಡಿಯವರು "ಎಲ್ಲಾ ಕಂಪನಿದೇ ಹಾಕ್ಸಿ" ಅಂತಾರೆ. ಊರಲ್ಲಿ ಕೇಳಿದರೆ "ಅಗ್ಗದ್ದು ಹಾಕ್ಕಳಪ್ಪ, ಕೆಟ್ರೆ ಇನ್ನೊಂದು" ಅಂತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ನಮ್ಮಂಥವರ ಗರಗಸ ಓಡಿ ಸವೆಯೋದಕ್ಕಿಂತ ಕೂತು ಕೆಡೋದೇ ಹೆಚ್ಚು. ಹಾಗಾಗಿ ಸವೆಯುವ ಸಾಮಾನಿಗೆ ದುಡ್ಡು ಸುರಿಯಬೇಕಾಗಿಲ್ಲ. ಬಾರ್ ಅಗ್ಗದ್ದು ಸಾಕು. ದಿನಾ ಮರ ಕೊಯ್ಯೋ ಕೂಲಿಯವರಿಗೆ ಬೇಕಾದ ಬಾಳಿಕೆ ನಮಗ್ಯಾಕೆ? ಕಣ್ಣಿಗೆ ನೇರ ಹಿಡಿದು ಸೊಟ್ಟ ಇಲ್ಲ ಅಂತ ನೋಡಿ ತಂದರಾಯಿತು. ಏರ್ ಫಿಲ್ಟರ್, ಸ್ಟಾರ್ಟರ್ ಹಗ್ಗವೂ ಹಾಗೇ.

ಚೈನಿನ ಮಾತು ಬೇರೆ. ಜಾಲಿಯನ್ನು ನಾವು ಬುಡಕ್ಕೇ ಕೊಯ್ತೀವಿ, ತೊಗಟೆಯಲ್ಲೆಲ್ಲ ಮಣ್ಣು. ಒಂದು ಸಲ ನೆಲಕ್ಕೆ ತಾಗಿದರೆ ದುಬಾರಿ ಚೈನೂ ಮೊಂಡು, ಅಗ್ಗದ್ದೂ ಮೊಂಡು. ಅದಕ್ಕೇ ಅತಿ ದುಬಾರಿ ಬೇಡ ಅನ್ನೋದು. ಆದರೆ ತೀರಾ ಕಳಪೆ ಚೈನಿನ ರಿವೆಟ್ ಬಿಟ್ಟರೆ ಅದು ಹಾರೋದು ಹಿಡಿದವನ ಕಡೆಗೇ. ಕೈಯಲ್ಲಿ ಕೊಂಡಿ ಕೊಂಡಿ ಮಡಚಿ ನೋಡಿ, ಬಿಗಿ ಇದ್ದದ್ದು, ಸಡಿಲ ಇದ್ದದ್ದು ಎರಡೂ ಬೇಡ. ಮಧ್ಯಮ ಬೆಲೆಯದು ತಂದು, ಉಳಿದ ಕಾಸಿಗೆ ಒಂದು ಒಳ್ಳೆ ಅರ ತಗೊಳ್ಳಿ. ಪಾಯಿಂಟ್ 325 ಪಿಚ್ಚಿನ ಚೈನಿಗೆ 4.8 ಮಿ.ಮೀ. ಗುಂಡರ.

ಅಂಗಡಿಗೆ ಹೋಗಿ "20 ಇಂಚಿಂದು ಕೊಡಿ" ಅಂದರೆ ಸಾಲದು. ಪಿಚ್, ಗೇಜ್, ಬಾರಿನ ಗಾಡಿಯೊಳಗೆ ಓಡೋ ಹಲ್ಲಿನ ಲೆಕ್ಕ, ಮೂರೂ ಹೊಂದಬೇಕು. ನಮ್ಮ ಕಡೆ ಬಹಳ ಇರೋ 58 ಸಿ.ಸಿ. ಮಿಷಿನ್ನಿನ 20 ಇಂಚು ಬಾರಿಗೆ ಸಾಮಾನ್ಯವಾಗಿ ಪಾಯಿಂಟ್ 325, ಪಾಯಿಂಟ್ 058, 76 ಹಲ್ಲು. ಬಾರಿನ ಬುಡದಲ್ಲಿ ಕೆತ್ತಿರ್ತಾರೆ, ಅಳಿಸಿದ್ದರೆ ಹಳೇ ಚೈನನ್ನೇ ಒಯ್ಯಿರಿ.

ಕೈ ಬಿಗಿ ಮಾಡಬಾರದ್ದು ರಬ್ಬರಿನ ಸಾಮಾನಿಗೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. ಅದು ಗಾಳಿಯ ತೇವ ಎಳೆಯುತ್ತೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಕಳಪೆ ಪೈಪು ಮೆತ್ತಗಾಗುತ್ತೆ, ಇಲ್ಲವೇ ಸೀಳುತ್ತೆ. ಕಾರ್ಬೊರೇಟರಿನೊಳಗಿನ ತೆಳು ಪೊರೆ ಸೆಟೆದುಕೊಳ್ಳುತ್ತೆ. ಆಮೇಲೆ ಹಗ್ಗ ಎಳೆದು ಎಳೆದು ರಟ್ಟೆ ಬೀಳಬೇಕು. ಪೈಪು, ಪೊರೆ ಒಳ್ಳೇದೇ ಹಾಕಿಸಿ, ಒಟ್ಟು ಖರ್ಚು ದೊಡ್ಡದಲ್ಲ. ಪೊರೆ ಕೇಳಿದರೆ ಇಡೀ ಕಾರ್ಬೊರೇಟರನ್ನೇ ಮುಂದಿಡೋ ಅಂಗಡಿಗಳಿವೆ, ಒಪ್ಪಬೇಡಿ. ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡಿಸಿ ಇಟ್ಟರೆ ಆ ಖರ್ಚೂ ಎಷ್ಟೋ ವರ್ಷ ಮುಂದಕ್ಕೆ ಹೋಗುತ್ತೆ.

ಬ್ರೇಕ್ ಪಟ್ಟಿ, ಹರಿದ ಚೈನನ್ನು ತಡೆಯೋ ಕೆಳಗಿನ ಸಣ್ಣ ಕೊಕ್ಕೆ, ಇವೆರಡರಲ್ಲಿ ಚೌಕಾಸಿ ಬೇಡವೇ ಬೇಡ. ಆ ಕೊಕ್ಕೆ ಮುರಿದ ಮಿಷಿನ್ನುಗಳು ನಮ್ಮ ಹೋಬಳಿಯಲ್ಲೇ ಬೇಕಾದಷ್ಟಿವೆ. ನಿಮ್ಮದನ್ನು ಇವತ್ತು ಬಗ್ಗಿಸಿ ನೋಡಿ, ಅದು ಅಲ್ಲಿದೆಯೋ ಇಲ್ಲವೋ.