ಕಾರ್ಬೊರೇಟರ್ ಹೋಯಿತು ಸರಿ, ರಿಪೇರಿಯ ಹಕ್ಕು ಎಲ್ಲಿ ಹೋಯಿತು?

ಕ್ರೂಸರ್ ಬೈಕ್ ಓಡಿಸುವ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಕಾರ್ಬೊರೇಟರ್ ಕಡೆಗೆ ತಿರುಗದೇ ಇರುವುದಿಲ್ಲ. ‘ಹಳೇ ಥಂಡರ್‌ಬರ್ಡ್‌ನ ಡುಗುಡುಗು ಈಗಿನ ಗಾಡಿಗೆಲ್ಲಿದೆ?’ ಅಂತ ಒಬ್ಬರು ಶುರು ಮಾಡ್ತಾರೆ. ‘ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಕಿಕ್ಕರ್ ಹೊಡೆದು ಸುಸ್ತಾಗುತ್ತಿದ್ದದ್ದು ಮರೆತುಹೋಯ್ತಾ?’ ಅಂತ ಇನ್ನೊಬ್ಬರು ಕೇಳ್ತಾರೆ. ಇ20 ಪೆಟ್ರೋಲ್ ಬಂಕುಗಳಿಗೆ ಬಂದ ಮೇಲೆ ಈ ಹಳೇ ಜಗಳಕ್ಕೆ ಹೊಸ ಕಾವು ಬಂದಿದೆ. ಎಥೆನಾಲ್ ಬೆರೆಸದ ಪೆಟ್ರೋಲನ್ನೂ ಮಾರುವಂತೆ ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಹಳೇ ಗಾಡಿಯವರ ಆತಂಕ ಇನ್ನೂ ಹಾಗೇ ಉಳಿದಿದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡ್ತೇನೆ. ತಂತ್ರಜ್ಞಾನದ ಲೆಕ್ಕದಲ್ಲಿ ಫ್ಯುಯೆಲ್ ಇಂಜೆಕ್ಷನ್, ಅಂದರೆ ಎಫ್‌ಐ, ಗೆದ್ದಾಗಿದೆ. ಅದು ಗೆಲ್ಲಲೇಬೇಕಿತ್ತು. ಆದರೆ ಆ ಗದ್ದಲದಲ್ಲಿ ಗಾಡಿ ಬಿಚ್ಚಿ ಸರಿಮಾಡುವ ಅಧಿಕಾರವೂ ಸದ್ದಿಲ್ಲದೆ ಕೈ ಬದಲಾಯಿಸಿತು. ನಾವು ಜಗಳ ಆಡಬೇಕಿರುವುದು ಅದರ ಬಗ್ಗೆ.

ಜೆಟ್ಟಿನ ಮಿತಿ

ಎರಡೂ ಮಾಡುವ ಕೆಲಸ ಒಂದೇ: ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಸುವುದು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಗ್ರಾಂಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬೊರೇಟರಿನಲ್ಲಿ ಗಾಳಿ ಇಕ್ಕಟ್ಟಾದ ದಾರಿಯಲ್ಲಿ ನುಗ್ಗುವಾಗ ಅದರ ಒತ್ತಡ ಕುಸಿಯುತ್ತದೆ, ಆಗ ಜೆಟ್ಟಿನ ಸಣ್ಣ ತೂತಿನಿಂದ ಪೆಟ್ರೋಲ್ ಮೇಲೆದ್ದು ಬರುತ್ತದೆ. ಸೆನ್ಸರ್ ಬೇಡ, ಕರೆಂಟ್ ಬೇಡ. ಎಫ್‌ಐ ಗಾಡಿಯಲ್ಲಿ ಗಾಳಿಯ ಒತ್ತಡ, ಉಷ್ಣತೆ, ಥ್ರಾಟಲ್ ಎಷ್ಟು ತಿರುಗಿದೆ, ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನೆಲ್ಲ ಸೆನ್ಸರ್‌ಗಳು ಹೇಳುತ್ತವೆ. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕೆಂದು ಇಸಿಯು ಲೆಕ್ಕ ಹಾಕುತ್ತದೆ.

ವ್ಯತ್ಯಾಸ ಗೊತ್ತಾಗುವುದು ಘಾಟಿ ಹತ್ತುವಾಗ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಗಾಳಿ ತೆಳು. ಜೆಟ್ಟಿಗೆ ಅದು ಗೊತ್ತಾಗುವುದಿಲ್ಲ. ಪೆಟ್ರೋಲ್ ಹೆಚ್ಚಾಗಿ ಗಾಡಿ ಎಳೆಯಲು ಮುಕ್ಕರಿಯುತ್ತದೆ. ಲಡಾಖ್‌ನ ಖರ್ದುಂಗ್ ಲಾದಂಥ ಕಡೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಿರುತ್ತದೆ. ದೂರ ಹೋಗಲೆಂದೇ ಕ್ರೂಸರ್ ಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ಡುಗುಡುಗು ಹೋಗಿದ್ದಕ್ಕೂ ಎಫ್‌ಐ ಒಂದನ್ನೇ ದೂರುವುದು ನ್ಯಾಯವಲ್ಲ. 2012ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 500ಕ್ಕೆ ಎಫ್‌ಐ ಇತ್ತು, ಅದರ ಪಕ್ಕದಲ್ಲೇ ನಿಲ್ಲುತ್ತಿದ್ದ 350ಕ್ಕೆ ಕಾರ್ಬೊರೇಟರ್. 500ರ ಸದ್ದು ಸಪ್ಪೆ ಅಂತ ಯಾರೂ ಹೇಳಲಿಲ್ಲ. 2020ರ ನವೆಂಬರಿನಲ್ಲಿ ಥಂಡರ್‌ಬರ್ಡ್ ಜಾಗಕ್ಕೆ ಮೀಟಿಯಾರ್ 350 ಬಂದಾಗ ಎಂಜಿನ್ನೇ ಹೊಸದಾಗಿತ್ತು. ಅದುರುವಿಕೆ ತಗ್ಗಿಸಲು ಬ್ಯಾಲೆನ್ಸರ್ ಶಾಫ್ಟ್ ಕೂಡ ಬಂದಿತ್ತು. ಇನ್ನು ಹಳೇ ಗಾಡಿಯಲ್ಲಿ ಸ್ಕ್ರೂ ತಿರುಗಿಸಿ ಐಡ್ಲಿಂಗ್ ತೀರಾ ಇಳಿಸಿ ಸದ್ದು ಕೇಳಿ ಖುಷಿಪಡುತ್ತಿದ್ದೆವಲ್ಲ, ಆಗ ಆಯಿಲ್ ಪಂಪ್ ಕೂಡ ನಿಧಾನವಾಗಿ, ಎಂಜಿನ್‌ಗೆ ಹೋಗುವ ಆಯಿಲ್‌ನ ಒತ್ತಡ ಕಡಿಮೆಯಾಗುತ್ತಿತ್ತು.

ಬದಲಾಯಿಸಿದ್ದು ಕಾನೂನು

ಹಾರ್ಲೆ-ಡೇವಿಡ್‌ಸನ್ 2007ರ ಮಾಡೆಲ್‌ಗಳ ಹೊತ್ತಿಗೇ ತನ್ನ ಸ್ಪೋರ್ಟ್‌ಸ್ಟರ್‌ಗಳಿಗೂ ಎಫ್‌ಐ ಕೊಟ್ಟಾಗಿತ್ತು. ನಮ್ಮಲ್ಲಿ ಅಗ್ಗದ ಕ್ರೂಸರ್‌ಗಳಿಗೆ ಅದು ಬರಲು ಕೋರ್ಟ್ ಮತ್ತು ಹೊಗೆಯ ಮಿತಿ ಬೇಕಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್4 ವಾಹನ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 24ರಂದು ಹೇಳಿತು. ಬಿಎಸ್6 ಪ್ರಕಾರ ಬೈಕೊಂದು ಕಿಲೋಮೀಟರಿಗೆ ಉಗುಳಬಹುದಾದ ಕಾರ್ಬನ್ ಮೊನಾಕ್ಸೈಡ್ 1 ಗ್ರಾಂ, ನೈಟ್ರೋಜನ್ ಆಕ್ಸೈಡ್ 0.06 ಗ್ರಾಂ. ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಇಷ್ಟು ಬಿಗಿಯಾಗಿ ಕೆಲಸ ಮಾಡಬೇಕಾದರೆ ಮಿಶ್ರಣ ಸದಾ ಹದವಾಗಿರಬೇಕು. 350 ಸಿಸಿಯ ದೊಡ್ಡ ಸಿಂಗಲ್ ಸಿಲಿಂಡರ್ ಎಂಜಿನ್‌ನಲ್ಲಿ ಜೆಟ್ ಮತ್ತು ಸೂಜಿ ನಂಬಿಕೊಂಡು ಅದನ್ನು ಸಾಧಿಸುವುದು ಕಷ್ಟ. ಕ್ಲಾಸಿಕ್ 350 ಎಫ್‌ಐಗೆ ಬಂತು, ಬಜಾಜ್ ಅವೆಂಜರ್ ಕೂಡ ಬಂತು. ಸಿಗ್ನಲ್ಲಿನಲ್ಲಿ ನಿಂತು ಹೊಗೆ ಕುಡಿಯುವ ನಮಗೆಲ್ಲ ಇದು ಒಳ್ಳೆಯದೇ.

ಇ20 ಹೇಳುವ ಪಾಠ

ಎಥೆನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಸುಮಾರು 9ಕ್ಕೆ 1. ಅಂದರೆ ಇ20 ಹಾಕಿದಾಗ ಅಷ್ಟೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ಆಮ್ಲಜನಕ ಸೆನ್ಸರ್ ಇರುವ ಎಫ್‌ಐ ಗಾಡಿ ತನ್ನ ಮಿತಿಯೊಳಗೆ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಕಾರ್ಬೊರೇಟರ್ ಗಾಡಿಗೆ ಅದು ಬರುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ, ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮೈಲೇಜ್ ಲೆಕ್ಕ ಸರ್ಕಾರದ್ದೇ ಇದೆ: ಶುದ್ಧ ಪೆಟ್ರೋಲಿಗೆ ತಯಾರಾಗಿ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಕೆ ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು.

ಎಥೆನಾಲ್ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳನ್ನು ಕೆಡಿಸಬಲ್ಲದು. ಭಾನುವಾರ ಮಾತ್ರ ಆಚೆ ಬರುವ ಕ್ರೂಸರ್‌ಗಳಿಗೆ ಈ ಕಾಟ ಜಾಸ್ತಿ, ಏಕೆಂದರೆ ಅವುಗಳ ಫ್ಲೋಟ್ ಬೌಲಿನಲ್ಲಿ ಪೆಟ್ರೋಲ್ ವಾರಗಟ್ಟಲೆ ನಿಂತಿರುತ್ತದೆ.

ಆದರೆ ಗಮನಿಸಿ, ಈ ಹಳೇ ಗಾಡಿಗೆ ಪರಿಹಾರ ಇದೆ. ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಬಹುದು, ರಬ್ಬರ್ ಬದಲಿಸಬಹುದು, ಗಾಡಿ ನಿಲ್ಲಿಸುವ ಮುಂಚೆ ಬೌಲ್ ಖಾಲಿ ಮಾಡಬಹುದು. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಸಾಮಾನು ತಂದರೆ ಬೀದಿ ಬದಿಯ ಗ್ಯಾರೇಜಿನಲ್ಲೇ ಕೆಲಸ ಮುಗಿಯುತ್ತದೆ. ಎಫ್‌ಐ ಎಂದಾಕ್ಷಣ ಇ20ಗೆ ಸಿದ್ಧ ಎಂದೂ ಅಲ್ಲ. 2020ರಿಂದ 2023ರ ನಡುವೆ ಬಂದ ಎಷ್ಟೋ ಎಫ್‌ಐ ಗಾಡಿಗಳು ಇ10ಕ್ಕೆಂದು ತಯಾರಾದವು. ಅವುಗಳ ಲೆಕ್ಕಾಚಾರವನ್ನು ಹೊಸ ಇಂಧನಕ್ಕೆ ಹೊಂದಿಸಬೇಕೆಂದರೆ ಯಾವ ಮೆಕ್ಯಾನಿಕ್ ಹತ್ತಿರ ಹೋಗ್ತೀರಿ?

ಕಿವಿಯಿಂದ ಸ್ಕ್ಯಾನರ್‌ಗೆ

ಇಂಜಿನಿಯರಿಂಗ್ ಲ್ಯಾಬಿನಲ್ಲಿ ಕಾರ್ಬೊರೇಟರ್ ಬಿಚ್ಚಿದಾಗ ಅದರ ಗುಟ್ಟು ಅರ್ಧ ಗಂಟೆಯಲ್ಲಿ ಕಣ್ಣೆದುರಿಗಿತ್ತು. ಇಸಿಯು ಡಬ್ಬಿ ಬಿಚ್ಚಿದರೆ ಕಾಣುವುದು ಒಂದು ಬೋರ್ಡ್ ಮಾತ್ರ. ಏರ್ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಸದ್ದು ಕೇಳಿ, ಪ್ಲಗ್ಗಿನ ಬಣ್ಣ ನೋಡಿ ಹದ ಹೇಳುತ್ತಿದ್ದ ಮೆಕ್ಯಾನಿಕ್‌ನ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಎಂಜಿನ್ ಲೈಟ್ ಹತ್ತಿದರೆ ಸ್ಕ್ಯಾನರ್ ಬೇಕು. ಬ್ಯಾಟರಿ ಪೂರ್ತಿ ಇಳಿದರೆ ತಳ್ಳಿದರೂ ಗಾಡಿ ಎದ್ದೇಳುವುದು ಕಷ್ಟ, ಪೆಟ್ರೋಲ್ ಪಂಪಿಗೇ ಕರೆಂಟ್ ಬೇಕಲ್ಲ! ಬೆಂಗಳೂರಿನಲ್ಲಿ ಇದು ಬರೀ ಕಿರಿಕಿರಿ. ಸರ್ವಿಸ್ ಸೆಂಟರ್ ಐವತ್ತು ಕಿಲೋಮೀಟರ್ ದೂರದಲ್ಲಿರುವ ಊರಲ್ಲಿ ಒಂದು ದಿನದ ದುಡಿಮೆ ಹೋಯಿತು ಅಂತಲೇ ಅರ್ಥ.

ಇದಕ್ಕೆ ಎಫ್‌ಐ ಹೊಣೆ ಅಲ್ಲ. ಸೆನ್ಸರ್ ಪರೀಕ್ಷೆಯನ್ನೂ ಕಲಿಯಬಹುದು, ಮೊಬೈಲ್ ರಿಪೇರಿಯನ್ನು ನಮ್ಮ ಹುಡುಗರು ಬೀದಿಯಲ್ಲೇ ಕಲಿತಿಲ್ಲವೇ? ಮಾಹಿತಿ ಕೈಗೆ ಸಿಗಬೇಕು ಅಷ್ಟೆ. ಬಿಡಿಭಾಗ, ದೋಷ ಪತ್ತೆ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ವಿಷಯ ಮೇಲ್ಮನವಿಗಳಲ್ಲಿ ಎಳೆದಾಡಿತು. ಆ ಆದೇಶ ಕಾರುಗಳಿಗೆ ಸಂಬಂಧಿಸಿದ್ದು, ಆದರೆ ಅದರ ತರ್ಕ ಬೈಕಿಗೂ ಅಷ್ಟೇ ಹೊಂದುತ್ತದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಪೋರ್ಟಲ್ ಇರುವುದು ಬೇರೆ, ಕಾನೂನಿನ ಬಲ ಇರುವುದು ಬೇರೆ.

ಕೇಳಬೇಕಾದ್ದು ಮೂರೇ ವಿಷಯ. ಪ್ರತಿ ಬೈಕಿನ ದೋಷ ಸಂಕೇತಗಳ ಪಟ್ಟಿ ಮತ್ತು ಸರ್ವಿಸ್ ಮ್ಯಾನ್ಯುಯಲ್ ಎಲ್ಲರಿಗೂ ಸಿಗಲಿ, ಕನ್ನಡದಲ್ಲೂ ಇರಲಿ. ಸ್ಕ್ಯಾನರ್ ಮತ್ತು ಸಾಫ್ಟ್‌ವೇರ್ ಯಾವುದೇ ಗ್ಯಾರೇಜಿಗೆ ನ್ಯಾಯವಾದ ಬೆಲೆಗೆ ಮಾರಾಟವಾಗಲಿ. ಇ20 ಕಡ್ಡಾಯ ಮಾಡಿದವರೇ ಹಳೇ ಕಾರ್ಬೊರೇಟರ್ ಗಾಡಿಗಳಿಗೆ ಯಾವ ಜೆಟ್, ಯಾವ ರಬ್ಬರ್ ಎಂಬುದನ್ನು ಮಾಡೆಲ್‌ವಾರು ಪ್ರಕಟಿಸುವಂತೆ ಕಂಪನಿಗಳಿಗೆ ಹೇಳಲಿ.

ಗಾಡಿಗೆ ದುಡ್ಡು ಕೊಟ್ಟವರು ನಾವು. ಅದು ಕೆಟ್ಟಾಗ ಯಾರ ಬಾಗಿಲಿಗೆ ತಳ್ಳಿಕೊಂಡು ಹೋಗಬೇಕು ಎಂಬುದನ್ನೂ ನಾವೇ ತೀರ್ಮಾನಿಸುವಂತಿರಬೇಕು.