ಫಲಕ ಬದಲಾದರೂ ಬದಲಾಗದ ಗುರುತು

ಬೀದರ್ ಜಿಲ್ಲೆಯಲ್ಲಿ ಹಳೆಯ ಕಾರು ಕೊಳ್ಳುವವರು ಮೊದಲು ನೋಡುವುದು ನಂಬರ್ ಪ್ಲೇಟನ್ನು. ಕೆಎ–38 ಬೀದರ್, ಕೆಎ–39 ಭಾಲ್ಕಿ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಔರಾದ್ ಕಡೆಯ ರಸ್ತೆಗಳಲ್ಲಿ ನಾಂದೇಡದ ಎಂಎಚ್–26, ಲಾತೂರಿನ ಎಂಎಚ್–24 ಫಲಕಗಳೂ ಅಪರೂಪವಲ್ಲ. ಪಕ್ಕದ ಜಹೀರಾಬಾದಿನ ಕಾರುಗಳಂತೂ ಕೊಂಡ ವರ್ಷಕ್ಕೆ ತಕ್ಕಂತೆ ಎಪಿ, 2014ರ ನಂತರ ಟಿಎಸ್, 2024ರ ನಂತರ ಟಿಜಿ ಎಂದು ಮೂರು ಬಗೆಯ ಅಕ್ಷರ ಹೊತ್ತಿವೆ. ನೆಂಟಸ್ತಿಕೆ, ಮಾರುಕಟ್ಟೆ, ಆಸ್ಪತ್ರೆ ಎಲ್ಲವೂ ಗಡಿಯ ಆಚೀಚೆ ಹರಡಿರುವ ಸೀಮೆಯಲ್ಲಿ ವಾಹನಗಳೂ ಗಡಿ ದಾಟುವುದು ಸಹಜ.

ಮಾಲೀಕ ಬೇರೆ ರಾಜ್ಯಕ್ಕೆ ಬಂದು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ವಾಹನ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹೀಗೆ ಫಲಕ ಬದಲಾಗುತ್ತದೆ, ಮಾಲೀಕರೂ ಬದಲಾಗುತ್ತಾರೆ. ಬದಲಾಗಬಾರದ್ದು ಕಾರ್ಖಾನೆಯಲ್ಲಿ ಕಬ್ಬಿಣದ ಮೇಲೆ ಒತ್ತಿದ ಚಾಸಿ ಸಂಖ್ಯೆ ಮಾತ್ರ. ಕೇಂದ್ರ ಮೋಟಾರು ವಾಹನ ನಿಯಮಗಳ 122ನೇ ನಿಯಮವು ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಜೊತೆಗೆ ತಯಾರಿಕೆಯ ತಿಂಗಳನ್ನೂ ನಮೂದಿಸಬೇಕೆನ್ನುತ್ತದೆ. ಇಂದಿನ ಕಾರುಗಳ ಚಾಸಿ ಸಂಖ್ಯೆಯಲ್ಲಿ 17 ಅಕ್ಷರ–ಅಂಕಿಗಳು. ಒಂದು, ಸೊನ್ನೆಗಳೊಡನೆ ಗೊಂದಲವಾಗದಿರಲೆಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಮೊದಲ ಮೂರು ತಯಾರಕರ ಗುರುತು: ಎಂಎ3 ಮಾರುತಿ, ಎಂಎಟಿ ಟಾಟಾ, ಎಂಎ1 ಮಹೀಂದ್ರಾ. ಹತ್ತನೆಯ ಅಕ್ಷರ ವರ್ಷವನ್ನು ಹೇಳುತ್ತದೆಂಬ ನಂಬಿಕೆ ಅಮೆರಿಕದ ಪದ್ಧತಿಯಿಂದ ಬಂದದ್ದು. ಇಲ್ಲಿನ ಎಲ್ಲ ಕಂಪನಿಗಳ ವಾಹನಗಳಿಗೂ ಅದನ್ನು ಕಣ್ಣು ಮುಚ್ಚಿ ಅನ್ವಯಿಸಲಾಗದು.

ಸೋಜಿಗವೆಂದರೆ, ಜಪಾನಿನ ವೇಗದ ಕಾರುಗಳ ಸಂಕೇತಗಳು ನಮ್ಮ ಅನೇಕ ಯುವಕರಿಗೆ ಕಂಠಪಾಠ. ಟೊಯೊಟಾ ಸುಪ್ರಾದ ಜೆಝೆಡ್‌ಎ80ರಲ್ಲಿ ಜೆಝೆಡ್ ಎಂಬುದು ಎಂಜಿನ್ನಿನ ಕುಲ, ಎ80 ಕಾರಿನ ಪೀಳಿಗೆ. ನಿಸ್ಸಾನ್ ಸ್ಕೈಲೈನ್ ಜಿಟಿ–ಆರ್ ಎಂದರೆ ಬಿಎನ್‌ಆರ್34 ಎಂದು ಥಟ್ಟನೆ ಹೇಳಬಲ್ಲರು. ಜಪಾನಿನೊಳಗೆ ಮಾರಾಟವಾದ ಅಂಥ ಕಾರುಗಳಿಗೆ 17 ಅಂಕಿಗಳ ಸಂಖ್ಯೆಯೇ ಇಲ್ಲ. ಮಾದರಿಯ ಸಂಕೇತ, ಅದರ ಮುಂದೆ ಕ್ರಮಸಂಖ್ಯೆ, ಅಷ್ಟೆ. ಆದರೆ ತಂದೆಯ ಮಾರುತಿಯ ಚಾಸಿ ಸಂಖ್ಯೆ ಎಲ್ಲಿದೆಯೆಂದು ಕೇಳಿದರೆ ಅವರಲ್ಲಿ ಹಲವರು ತಡವರಿಸುತ್ತಾರೆ. ಆ ಮನೆಯಂಗಳದ ಕಾರಿನ ವಂಶವೂ ಜಪಾನಿನದೇ! ಜಿಪ್ಸಿಯ ಎಂಜಿ–410, ಜಿಪ್ಸಿ ಕಿಂಗ್‌ನ ಎಂಜಿ–413 ಸುಜುಕಿಯ ಪರಿಭಾಷೆ. 10 ಎಂದರೆ ಸಾವಿರ ಸಿಸಿ, 13 ಎಂದರೆ ಸಾವಿರದ ಮುನ್ನೂರು ಸಿಸಿ ಎಂಜಿನ್. ಹಳೆಯ ಜಿಪ್ಸಿಯನ್ನು ಕಿಂಗ್ ಎಂದು ಮಾರಲು ಬಂದವರ ಮಾತನ್ನು ಈ ಎರಡು ಅಂಕಿಗಳಿಂದಲೇ ಪರೀಕ್ಷಿಸಬಹುದು.

ಇದು ಬರೀ ಹವ್ಯಾಸಿಗಳ ಚರ್ಚೆಯಲ್ಲ. ಅಪಘಾತದಲ್ಲಿ ಜಜ್ಜಿಹೋಗಿ ಗುಜರಿ ಸೇರಿದ ಕಾರಿನ ದಾಖಲೆಯನ್ನು ಅದೇ ಮಾದರಿಯ ಕದ್ದ ಕಾರಿಗೆ ಹೊಂದಿಸುವುದು ಕಳ್ಳರ ಹಳೆಯ ಉಪಾಯ. ಮೊಬೈಲಿನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಏಕೆಂದರೆ ಅದು ಹೇಳುವುದು ಫಲಕದ ಚರಿತ್ರೆಯನ್ನು; ಎದುರಿಗಿರುವ ಕಾರಿನದಲ್ಲ. ಸೋಯಾ, ತೊಗರಿ ಮಾರಿದ ಹಣದಲ್ಲಿ ಬಾಡಿಗೆಗೆ ಓಡಿಸಲೆಂದು ಕಾರು ಕೊಂಡವನಿಂದ ಪೊಲೀಸರು ಅದನ್ನು ವಶಕ್ಕೆ ಪಡೆದರೆ ಕಾರೂ ಹೋಯಿತು, ಹಣವೂ ಹೋಯಿತು. 2019ರ ಏಪ್ರಿಲ್ ನಂತರದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಫಲಕ ಕಡ್ಡಾಯವಾಗಿದೆ. ಸ್ವಾಗತಾರ್ಹ ಕ್ರಮವೇ, ಆದರೂ ಅದು ಫಲಕಕ್ಕಷ್ಟೇ ರಕ್ಷಣೆ.

ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಪದ್ಧತಿ ಸಾರಿಗೆ ಕಚೇರಿಗಳಿಗೆ ಹೊಸತಲ್ಲ. ತೊಂದರೆ ಏನೆಂದರೆ, ಕೊಳ್ಳುವವರು ಅದನ್ನು ಏಜೆಂಟರ ಕೆಲಸವೆಂದು ಬಿಟ್ಟುಬಿಡುತ್ತಾರೆ. ಅದೂ ಹಣ ಕೈಬದಲಾದ ಮೇಲೆ. ಈ ಅಚ್ಚನ್ನು ಮಾರುವವರ ಎದುರಿಗೇ ತೆಗೆದು ಆರ್‌ಸಿಯೊಂದಿಗೆ ಹೋಲಿಸಬೇಕು. ಅಕ್ಷರಗಳ ಅಂತರ ಏರುಪೇರಾಗಿದ್ದರೆ, ಸುತ್ತ ಹೊಸ ಬೆಸುಗೆ ಅಥವಾ ಬಣ್ಣ ಕಂಡರೆ, ಮುಂಗಡ ಕೊಡದೆ ಎದ್ದುಬರುವುದೇ ಲೇಸು.

ಕಂಪನಿಗಳು ತಮ್ಮ ಸಂಕೇತಗಳ ಪೂರ್ಣ ಅರ್ಥವನ್ನು ಕನ್ನಡದಲ್ಲಿ ಪ್ರಕಟಿಸುವಂತೆ ಸಾರಿಗೆ ಇಲಾಖೆ ಒತ್ತಾಯಿಸಬೇಕು. ಅಲ್ಲಿಯವರೆಗೆ ಬೀದರ್ ಮತ್ತು ಭಾಲ್ಕಿಯ ಕಚೇರಿಗಳು ಚಾಸಿ ಸಂಖ್ಯೆಯನ್ನು ಎಲ್ಲಿ ಹುಡುಕಬೇಕು, ಹೇಗೆ ಓದಬೇಕು ಎಂದು ತಿಳಿಸುವ ಒಂದು ಫಲಕವನ್ನಾದರೂ ಬಾಗಿಲಲ್ಲಿ ತೂಗುಹಾಕಲಿ. ಔರಾದ್ ಕಡೆಯವರಿಗಾಗಿ ಅದರ ಕೆಳಗೆ ಮರಾಠಿಯಲ್ಲೂ ಬರೆಯಿಸಿದರೆ ಯಾರೂ ಆಕ್ಷೇಪಿಸಲಾರರು.