ಕಪ್ಪಾದ ಪರದೆ, ಆರದ ದೀಪ

ಗೃಹಸ್ಥರೊಬ್ಬರು ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಗಣಕಯಂತ್ರದ ಲಿನಕ್ಸ್ ವ್ಯವಸ್ಥೆಯನ್ನು ನವೀಕರಿಸಿದರು. ಯಂತ್ರವನ್ನು ಮತ್ತೆ ಚಾಲನೆಗೊಳಿಸಿದಾಗ ಪರದೆಯ ಮೇಲೆ ಬಿಳಿಯ ಅಕ್ಷರಗಳ ನಾಲ್ಕಾರು ಸಾಲು ಸರಿದವು. ಮರುಕ್ಷಣವೇ ಎಲ್ಲವೂ ಕಪ್ಪು. ಮಗಳ ಪ್ರಬಂಧ, ಮದುವೆಯ ಭಾವಚಿತ್ರಗಳು, ಹತ್ತು ವರ್ಷಗಳ ಲೆಕ್ಕಪತ್ರ ಎಲ್ಲವೂ ಅದರ ಹೊಟ್ಟೆಯೊಳಗೆ!

“ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದೇ ದಾರಿ” ಎಂದರು ಯಜಮಾನರು.

“ಸ್ವಲ್ಪ ತಾಳಿ ಅಪ್ಪಾ” ಎಂದಳು ಮಗಳು.

ತಾಳಿದವನು ಬಾಳಿಯಾನು ಎಂಬ ಗಾದೆ ಯಂತ್ರಯುಗಕ್ಕೂ ಸಲ್ಲುತ್ತದೆ. ಮಗಳು ‘ನಮ್ ಲಾಕ್’ ಕೀಲಿಯನ್ನೊತ್ತಿದಳು. ಅದರ ಪುಟ್ಟ ದೀಪ ಹೊತ್ತಿತು, ಮತ್ತೆ ಒತ್ತಲು ಆರಿತು. ಯಂತ್ರ ಎಚ್ಚರವಾಗಿಯೇ ಇತ್ತು. ಅದರ ಮುಖ ಮಾತ್ರ ಕಾಣುತ್ತಿರಲಿಲ್ಲ.

ಪರದೆಯೆಂಬುದು ಚುಕ್ಕೆಗಳ ರಂಗವಲ್ಲಿ. ಯಾವ ಚುಕ್ಕೆಗೆ ಯಾವ ಬಣ್ಣವೆಂದು ಬರೆದಿಡುವ ಸ್ಮೃತಿಭಾಗಕ್ಕೆ ಫ್ರೇಮ್‌ಬಫರ್ ಎಂದು ಹೆಸರು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುವ ಪರದೆಗೆ, ಚುಕ್ಕೆಯೊಂದಕ್ಕೆ 4 ಬೈಟಿನಂತೆ, 82,94,400 ಬೈಟುಗಳು ಬೇಕು. 1987ರಲ್ಲಿ ಐಬಿಎಂ ಸಂಸ್ಥೆ ತಂದ ವಿಜಿಎ ಪದ್ಧತಿಯಲ್ಲಿ ಸಾಲಿಗೆ 80 ಅಕ್ಷರದಂತೆ 25 ಸಾಲುಗಳನ್ನು ಯಂತ್ರಾಂಶವೇ ಮೂಡಿಸುತ್ತಿತ್ತು. ಫ್ರೇಮ್‌ಬಫರ್ ಕನ್ಸೋಲಿನಲ್ಲಾದರೋ ಲಿನಕ್ಸಿನ ತಿರುಳಾದ ಕರ್ನಲ್ಲೇ ಅಕ್ಷರವನ್ನು ಚುಕ್ಕೆ ಚುಕ್ಕೆಯಾಗಿ ಬಿಡಿಸುತ್ತದೆ. 2009ರ 2.6.29ನೆಯ ಆವೃತ್ತಿಯಿಂದ ಪರದೆಯ ಅಳತೆಯನ್ನು ನಿಶ್ಚಯಿಸುವ ಹೊಣೆಯನ್ನೂ ಅದು ವಹಿಸಿಕೊಳ್ಳತೊಡಗಿತು. ಮೊದಲ ಕೆಲವು ಕ್ಷಣ ಯಂತ್ರದ ಫರ್ಮ್‌ವೇರ್ ಹಾಕಿಕೊಟ್ಟ ಏರ್ಪಾಡು ನಡೆಯುತ್ತದೆ. ಅನಂತರ ಪರದೆಯ ಚಾಲಕತಂತ್ರಾಂಶ ಅಧಿಕಾರ ವಹಿಸಿಕೊಳ್ಳುತ್ತದೆ. ಈ ಹಸ್ತಾಂತರದಲ್ಲಿ ಎಡವಿದರೆ ಕತ್ತಲೆ.

ಪರಿಹಾರ ಸರಳ. ಆರಂಭದ ‘ಗ್ರಬ್’ ಪಟ್ಟಿಯಲ್ಲಿ ಹಿಂದಿನ ಕರ್ನಲನ್ನು ಆರಿಸಿ ನೋಡಬಹುದು. ಅದು ಫಲಿಸದಿದ್ದರೆ ಅಲ್ಲಿಯೇ ‘ಇ’ ಕೀಲಿಯನ್ನೊತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ಸ್ವಲ್ಪ ಅಂತರ ಬಿಟ್ಟು ‘ನೋಮೋಡ್‌ಸೆಟ್’ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಸೇರಿಸಿ, ಎಫ್10 ಒತ್ತಬೇಕು. ಹಸ್ತಾಂತರ ನಿಲ್ಲುತ್ತದೆ, ಹಳೆಯ ಏರ್ಪಾಡೇ ಮುಂದುವರಿಯುತ್ತದೆ. ಇದು ಆ ಒಂದು ಬಾರಿಗೆ ಮಾತ್ರ. ಇದನ್ನೇ ಕಾಯಂ ಮಾಡಿಕೊಂಡರೆ ಚಿತ್ರಗಳ ವೇಗ ಕುಗ್ಗುತ್ತದೆ; ಊರುಗೋಲು ಕಾಲಾಗಲಾರದು.

ಪರದೆ ಬೆಳಗಿತು. ಮಗಳು ‘ಡಿಮೆಸ್ಜ್’ ಆಜ್ಞೆಯಿಂದ ಕರ್ನಲಿನ ದಿನಚರಿಯನ್ನು ಓದಿದಳು. ಚಾಲಕಕ್ಕೆ ಬೇಕಾದ ಫರ್ಮ್‌ವೇರ್ ಕಡತವೊಂದು ಸಿಕ್ಕಿರಲಿಲ್ಲವೆಂದು ಅಲ್ಲಿ ಬರೆದಿತ್ತು. ಅದನ್ನು ಹಾಕಿದ ಮೇಲೆ ಯಂತ್ರ ಯಾರ ಆಸರೆಯೂ ಇಲ್ಲದೆ ಎದ್ದಿತು.

ತೊಡಕು ಅಲ್ಲಿಗೇ ಮುಗಿಯಲಿಲ್ಲ. ಕನ್ಸೋಲಿನ ಅಕ್ಷರಗಳು ಸಾಸಿವೆಯಷ್ಟಿದ್ದವು: 8×16 ಚುಕ್ಕೆಗಳ ಅಕ್ಷರವಾದರೆ ಸಾಲೊಂದಕ್ಕೆ 240! ಟರ್ಮಿನಸ್ ಎಂಬ ಅಕ್ಷರಜಾತಿಯ 16×32 ಅಳತೆಯನ್ನು ಆರಿಸಿದ ಮೇಲೆ ಅದು 120ಕ್ಕೆ ಇಳಿದು ತಂದೆಯ ಕಣ್ಣಿಗೆ ಹಿತವಾಯಿತು. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಮಾತ್ರ ಬರಿಯ ಚೌಕಗಳಾಗಿ ಕಂಡವು. ತಂದೆ ಮತ್ತೆ ಗಾಬರಿಯಾದರು. ಅದೂ ನಾಶವಲ್ಲ, ಕನ್ಸೋಲಿನ ಅಕ್ಷರಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಸ್ಥಳ, ಒತ್ತಕ್ಷರಗಳನ್ನು ಹೆಣೆಯುವ ವಿದ್ಯೆ ಅದಕ್ಕಿಲ್ಲ. ಚಿತ್ರಮಯ ಪರದೆಗೆ ಹೋದೊಡನೆ ಹೆಸರುಗಳು ಯಥಾಸ್ಥಿತಿಯಲ್ಲಿ ಕಂಡವು.

ಆ ಸಂಜೆ ತಂದೆ ಮಾಡಿದ ಮೊದಲ ಕೆಲಸ, ಎಲ್ಲ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟದ್ದು. ಬೆಳಿಗ್ಗೆ ಅವರು ಆತುರಪಟ್ಟಿದ್ದರೆ ಪ್ರತಿ ತೆಗೆಯಲು ಏನೂ ಉಳಿದಿರುತ್ತಿರಲಿಲ್ಲ.